ಸ್ಯಾಂಕಿ ಕೆರೆ

ಸ್ಯಾಂಕಿ ಕೆರೆಯು ಬೆಂಗಳೂರು ನಗರದ ಮಲ್ಲೇಶ್ವರ, ಸದಾಶಿವನಗರ ಮತ್ತು ವೈಯಾಲಿಕಾವಲ್ ಬಡಾವಣೆಗಳ ನಡುವೆ ಇರುವ ಒಂದು ಮಾನವನಿರ್ಮಿತ ಕೆರೆ. 1882ರಲ್ಲಿ ನಗರಕ್ಕೆ ನೀರೊದಗಿಸುವ ಉದ್ದೇಶದಿಂದ ಇದನ್ನು ಕಟ್ಟಲಾಯಿತು. ಕುಡಿಯುವ ನೀರಿನ ಮೂಲವಾಗಿ ಇದರ ಬಳಕೆ ನಿಂತುಹೋಗಿ ಬಹುಕಾಲವಾಗಿದೆ. ಇಂದು ಇದು ದಡದ ಸುತ್ತಲಿನ ಸಮತಟ್ಟಾದ ನಡಿಗೆ ಹಾದಿಗಾಗಿ ಹೆಸರಾಗಿದ್ದು, ಹಳೆಯ ಬೆಂಗಳೂರಿನ ವಾಯುವ್ಯ ಭಾಗದ ಜನರ, ಅದರಲ್ಲಿಯೂ ವಯೋವೃದ್ಧರ, ಬೆಳಗಿನ ಮತ್ತು ಸಂಜೆಯ ವಾಯುವಿಹಾರದ ಮುಖ್ಯ ಸ್ಥಳವಾಗಿದೆ. ಇದರ ಜೊತೆಗೆ ನಗರದ ದಾಹ ತಣಿಸಿದ ಧರ್ಮಾಂಬುಧಿ ಮತ್ತು ಮಿಲ್ಲರ್ ಕೆರೆಗಳು ಈಗ ಉಳಿದಿಲ್ಲ.

ಹೆಸರು

ಕೆರೆಗೆ ಕರ್ನಲ್ ರಿಚರ್ಡ್ ಹೈರಮ್ ಸ್ಯಾಂಕಿಯವರ ಹೆಸರನ್ನು ಇಡಲಾಗಿದೆ. ಇವರು ಬ್ರಿಟಿಷ್ ಕಮಿಷನರುಗಳ ಆಡಳಿತ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದರು. ಬೆಂಗಳೂರಿನ ಅಠಾರಾ ಕಚೇರಿ (ಇಂದಿನ ಹೈಕೋರ್ಟ್ ಕಟ್ಟಡ), ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನಗಳೊಂದಿಗೂ ಇವರ ಹೆಸರು ಸೇರಿಕೊಂಡಿದೆ.

ಕೆರೆಗೆ ಜನರು ಬಳಸುತ್ತಿದ್ದ ಇನ್ನೊಂದು ಹೆಸರು ಗಂಧದ ಕೋಠಿ ಕೆರೆ. ಸರ್ಕಾರದ ಶ್ರೀಗಂಧದ ದಾಸ್ತಾನು ಮಳಿಗೆ ಕೆರೆಯ ಬಳಿ ಇದ್ದುದರಿಂದ ಈ ಹೆಸರು ಬಂದಿತು. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧವು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಟ್ಟಿತ್ತು. ಕಾಡಿನಿಂದ ತಂದ ಗಂಧದ ಕೊರಡುಗಳನ್ನು ಕೂಡಿಡುವ ಮಳಿಗೆಗೆ ಕೋಠಿ ಎನ್ನುತ್ತಿದ್ದರು. ಇದನ್ನು ಕೆಲವರು ‘ಗಂಧದ ಕೋಟೆ’ ಎಂದು ಬರೆಯುವುದುಂಟು. ಅದು ತಪ್ಪು, ಇಲ್ಲಿ ಕೋಟೆ ಯಾವುದೂ ಇರಲಿಲ್ಲ. ಅರಣ್ಯ ಇಲಾಖೆಯ ಕೇಂದ್ರ ಕಚೇರಿಯಾದ ಅರಣ್ಯ ಭವನ ಇಂದಿಗೂ ಸಮೀಪದ ಮಲ್ಲೇಶ್ವರ 18ನೇ ಅಡ್ಡರಸ್ತೆಯಲ್ಲಿದೆ.

ಸ್ಥಳ ಮತ್ತು ವಿಸ್ತಾರ

ಕೆರೆಯ ವಿಸ್ತಾರ ಸುಮಾರು 37 ಎಕರೆ (15 ಹೆಕ್ಟೇರ್). ದಡದ ಸುತ್ತಳತೆ ಸುಮಾರು 1.7 ಕಿಲೋಮೀಟರ್, ಅತಿ ಹೆಚ್ಚಿನ ಆಳ ಸುಮಾರು 9.26 ಮೀಟರ್. ಸಮುದ್ರಮಟ್ಟದಿಂದ ಸುಮಾರು 930 ಮೀಟರ್ ಎತ್ತರದಲ್ಲಿದೆ. ಕೆರೆಯ ಒಂದು ಮಗ್ಗುಲಲ್ಲಿ ಸ್ಯಾಂಕಿ ರಸ್ತೆ ಹಾದುಹೋಗುತ್ತದೆ. ಏರಿಗೆ ಹೊಂದಿಕೊಂಡಂತೆ ಸಾಗುವ ಈ ರಸ್ತೆ ಮಲ್ಲೇಶ್ವರದ 18ನೇ ಅಡ್ಡರಸ್ತೆಯನ್ನು ಸದಾಶಿವನಗರದ ಭಾಷ್ಯಂ ವೃತ್ತಕ್ಕೆ ಸೇರಿಸುತ್ತದೆ. ವಾಯುವ್ಯಕ್ಕೆ ಸ್ವಲ್ಪ ದೂರದಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ.

ಕೆರೆಗೆ ನೀರು ಹರಿದುಬರುವ ಜಲಾನಯನ ಪ್ರದೇಶ ಸುಮಾರು 1.25 ಚದರ ಕಿಲೋಮೀಟರ್ ಮಾತ್ರ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಅಂದರೆ ಒಂದು ಸಾಧಾರಣ ವರ್ಷದಲ್ಲಿ ಈ ಪ್ರದೇಶದ ಮೇಲೆ ಬೀಳುವ ಒಟ್ಟು ನೀರು 120 ಕೋಟಿ ಲೀಟರಿನಷ್ಟು. ಇದರಲ್ಲಿ ಒಂದು ಭಾಗ ಭೂಮಿಯಲ್ಲಿ ಇಂಗಿ, ಒಂದು ಭಾಗ ಆವಿಯಾಗಿ, ಉಳಿದುದು ಮಾತ್ರ ಕೆರೆಯನ್ನು ಸೇರುತ್ತದೆ. ಇಷ್ಟು ಚಿಕ್ಕ ಜಲಾನಯನ ಪ್ರದೇಶದ ಕೆರೆಗೆ ಸುತ್ತಲಿನ ಒಂದೊಂದು ಕಾಲುವೆಯೂ ಮುಖ್ಯ. ಮಳೆನೀರಿನ ಕಾಲುವೆ ಮುಚ್ಚಿದರೆ ಕೆರೆ ಬತ್ತುತ್ತದೆ. ಅದೇ ಕಾಲುವೆಯಲ್ಲಿ ಚರಂಡಿಯ ನೀರು ಬಂದರೆ ಕೆರೆ ತುಂಬಿದ್ದರೂ ಕೆಡುತ್ತದೆ. ಬೆಂಗಳೂರಿನ ಬಹುಪಾಲು ಕೆರೆಗಳ ಇತ್ತೀಚಿನ ಇತಿಹಾಸ ಈ ಎರಡು ವಾಕ್ಯಗಳಲ್ಲಿ ಅಡಗಿದೆ.

ಇತಿಹಾಸ

ಬೆಂಗಳೂರು ನದಿಯ ದಡದ ಊರಲ್ಲ. ಎತ್ತರದ ದಿಣ್ಣೆಯ ಮೇಲೆ ಬೆಳೆದ ಈ ಊರಿನಿಂದ ಮಳೆನೀರು ಎಲ್ಲ ದಿಕ್ಕುಗಳಿಗೂ ಹರಿದುಹೋಗುತ್ತದೆ. ಆದುದರಿಂದ ಕೆಂಪೇಗೌಡರ ಕಾಲದಿಂದಲೂ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ನೀರನ್ನು ನಿಲ್ಲಿಸಿಕೊಳ್ಳುವುದೇ ಇಲ್ಲಿನ ಜೀವನೋಪಾಯವಾಗಿತ್ತು. ಪೇಟೆಗೆ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಆಧಾರವಾಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡುಪ್ರದೇಶ ಬೆಳೆದಂತೆ ಈ ನೀರು ಸಾಲದಾಯಿತು.

1876ರಿಂದ 1878ರವರೆಗಿನ ಕ್ಷಾಮವು ಈ ಕೊರತೆಯನ್ನು ಭೀಕರವಾಗಿ ತೋರಿಸಿಕೊಟ್ಟಿತು. ದಕ್ಷಿಣ ಭಾರತವನ್ನೆಲ್ಲ ಆವರಿಸಿದ ಈ ಕ್ಷಾಮದಲ್ಲಿ ಮೈಸೂರು ಸಂಸ್ಥಾನಕ್ಕಾದ ಹಾನಿಯನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ: 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1881ರ ಮಾರ್ಚ್‌ನಲ್ಲಿ ಸಂಸ್ಥಾನದ ಆಡಳಿತ ಮರಳಿ ಒಡೆಯರ ಕೈಗೆ ಬಂದಿತು. ಮರುವರ್ಷ, ಅಂದರೆ 1882ರಲ್ಲಿ, ಸ್ಯಾಂಕಿ ಕೆರೆ ಸಿದ್ಧವಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಗರಕ್ಕೆ ಒಂದು ಕಾಪು ನಿಧಿಯಾಗಿ ಇರಲೆಂದು ಇದನ್ನು ಮಿಲ್ಲರ್ ಕೆರೆ ಮತ್ತು ಧರ್ಮಾಂಬುಧಿ ಕೆರೆಗಳೊಂದಿಗೆ ಜೋಡಿಸಲಾಗಿತ್ತು. ಇಂದು ಈ ದಡದಲ್ಲಿ ಕುಳಿತು ವಿಶ್ರಮಿಸುವವರಿಗೆ ಕೆರೆಯ ಹುಟ್ಟಿನ ಹಿಂದೆ ಬರಗಾಲವಿತ್ತೆಂಬುದು ಸುಲಭವಾಗಿ ಹೊಳೆಯುವುದಿಲ್ಲ.

ಕಾಪು ನಿಧಿಯಾಗಿ ಕೆರೆಯ ಪ್ರಾಮುಖ್ಯ ಹೆಚ್ಚು ಕಾಲ ಉಳಿಯಲಿಲ್ಲ. 1896ರಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಜಲಾಶಯದಿಂದ ಕೊಳವೆಗಳ ಮೂಲಕ ನಗರಕ್ಕೆ ನೀರು ಬರತೊಡಗಿತು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಬಂದವು. ಹೆಸರಘಟ್ಟದ ನೀರನ್ನು ಶುದ್ಧೀಕರಿಸಲು ಸ್ಥಾಪಿಸಿದ ಜ್ಯೂವೆಲ್ ಫಿಲ್ಟರ್ ಕೇಂದ್ರವೂ ಮಲ್ಲೇಶ್ವರದಲ್ಲಿಯೇ ಇತ್ತು. ಹೀಗೆ ಕೆರೆಯ ನೆರೆಯಲ್ಲಿಯೇ ಕೆರೆಯ ಅಗತ್ಯ ಇಲ್ಲವಾಗಿಸಿದ ವ್ಯವಸ್ಥೆಯೂ ನೆಲೆಯೂರಿತು.

ಇದೇ ಕಾಲದಲ್ಲಿ ಕೆರೆಯ ನೆರೆಯಲ್ಲಿ ಜನವಸತಿ ಬೆಳೆಯಿತು. 1890ರ ದಶಕದಲ್ಲಿ ಬಸವನಗುಡಿಯ ಜೊತೆಗೆ ಯೋಜಿಸಲ್ಪಟ್ಟ ಮಲ್ಲೇಶ್ವರ ಬಡಾವಣೆಗೆ 1898ರ ಪ್ಲೇಗ್ ಮಾರಿಯ ನಂತರ ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರು ಬಂದು ನೆಲೆಸಿದರು.

ನೀರಿನ ಕೆಲಸ ಮುಗಿದ ಕೆರೆಗಳಿಗೆ ಬೆಂಗಳೂರಿನಲ್ಲಿ ಏನಾಯಿತೆಂಬುದು ತಿಳಿದ ವಿಷಯ. ಧರ್ಮಾಂಬುಧಿ ಕೆರೆ ಬತ್ತಿ ಮೈದಾನವಾಯಿತು. ಕಡೆಗೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಮಿಲ್ಲರ್ ಕೆರೆಯ ಹೆಸರನ್ನು ಈಗ ಒಂದು ರಸ್ತೆ ಮಾತ್ರ ಹೊತ್ತಿದೆ. ಸ್ಯಾಂಕಿ ಕೆರೆ ಈ ಪಟ್ಟಿಗೆ ಸೇರಲಿಲ್ಲ. ಆಳ ಹೆಚ್ಚಾಗಿದ್ದುದು, ಸುತ್ತ ಸರ್ಕಾರಿ ಭೂಮಿ ಇದ್ದುದು ಇದಕ್ಕೆ ನೆರವಾಗಿರಬಹುದು. ಆದರೆ ಪ್ರತಿದಿನ ದಡದಲ್ಲಿ ನಡೆಯಲು ಬರುವ ಜನರು ಕೆರೆಯನ್ನು ತಮ್ಮದೆಂದು ತಿಳಿದದ್ದು ಇತ್ತೀಚಿನ ದಶಕಗಳಲ್ಲಿ ಇದರ ದೊಡ್ಡ ರಕ್ಷೆಯಾಗಿದೆ.

ನಡಿಗೆ ಹಾದಿ

ಕೆರೆಯ ಪುನಶ್ಚೇತನ ಕಾರ್ಯದ ಅಂಗವಾಗಿ ನಗರಪಾಲಿಕೆಯು ದಡದ ಸುತ್ತ ಕಲ್ಲುಹಾಸಿನ ಹಾದಿ, ಕಂಬಿ ಬೇಲಿ, ಕುಳಿತುಕೊಳ್ಳುವ ಆಸನಗಳು, ದೀಪಗಳು ಮತ್ತು ಉದ್ಯಾನಗಳನ್ನು ನಿರ್ಮಿಸಿತು. ಕೆರೆಯನ್ನು ಒಂದು ಸುತ್ತು ಬರಲು ಸಾಧಾರಣ ನಡಿಗೆಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು. ದಿನವೂ ಬರುವವರು ದೂರವನ್ನು ಕಿಲೋಮೀಟರುಗಳಲ್ಲಿ ಹೇಳದೆ ‘ಎರಡು ರೌಂಡು’, ‘ಮೂರು ರೌಂಡು’ ಎಂದೇ ಹೇಳುತ್ತಾರೆ.

ಹೊನ್ನಾವರದ ಬಳಿ ಶರಾವತಿ ನದೀಮುಖದ ಕಾಂಡ್ಲಾ ವನದಲ್ಲಿ ಜೌಗುನೆಲದ ಮೇಲೆ ಮರದ ಹಲಗೆಗಳ ಅಟ್ಟಣೆ ಹಾದಿಯನ್ನು ಕಟ್ಟಲಾಗಿದೆ. ಸ್ಯಾಂಕಿ ಕೆರೆಯ ಹಾದಿ ಆ ಬಗೆಯದಲ್ಲ. ಇದು ಗಟ್ಟಿ ನೆಲದ ಮೇಲಿನ ಹಾದಿ. ಆದರೆ ಎರಡರ ಪ್ರಯೋಜನದಲ್ಲಿ ಹೋಲಿಕೆಯಿದೆ. ಎರಡರಲ್ಲಿಯೂ ನಡೆಯುವವರು ಸಸ್ಯಗಳನ್ನು ತುಳಿಯದೆ, ಹಕ್ಕಿಗಳನ್ನು ಬೆದರಿಸದೆ ನೀರಿನ ಸಮೀಪಕ್ಕೆ ಹೋಗಬಹುದು.

ನೀರಿನ ಮೇಲ್ಮೈ ಎಲ್ಲೆಡೆಯೂ ಒಂದೇ ಮಟ್ಟದಲ್ಲಿರುವುದರಿಂದ ಅದರ ಅಂಚನ್ನು ಅನುಸರಿಸುವ ಹಾದಿಯೂ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ಬಸವನಗುಡಿಯ ಕಹಳೆ ಬಂಡೆಯ ಉದ್ಯಾನದಲ್ಲಾಗಲಿ, ಲಾಲ್‌ಬಾಗಿನ ಬಂಡೆಯ ಮೇಲಾಗಲಿ ಈ ಅನುಕೂಲವಿಲ್ಲ. ಅಲ್ಲಿ ನೋಟ ಬೇಕೆಂದರೆ ಹತ್ತಬೇಕು. ಮಂಡಿನೋವಿನವರು, ಊರುಗೋಲು ಹಿಡಿದವರು, ಹೃದಯದ ಚಿಕಿತ್ಸೆಯ ನಂತರ ವೈದ್ಯರ ಸಲಹೆಯಂತೆ ನಡೆಯುವವರು ಈ ಕೆರೆಯನ್ನು ಆರಿಸಿಕೊಳ್ಳಲು ಇದೇ ಕಾರಣ.

ಗಾಲಿಕುರ್ಚಿಯಲ್ಲಿ ಬರುವವರ ವಿಷಯ ಇಷ್ಟು ಸರಳವಲ್ಲ. ಹಾದಿ ಸಮತಟ್ಟಾಗಿದ್ದರೂ ಅದನ್ನು ತಲುಪುವವರೆಗಿನ ಮೂರು ಸಂಗತಿಗಳು ನಿರ್ಣಾಯಕವಾಗುತ್ತವೆ: ರಸ್ತೆ ದಾಟುವುದು, ಪಾದಚಾರಿ ಮಾರ್ಗ, ಬಾಗಿಲು. ಸ್ಯಾಂಕಿ ರಸ್ತೆ ನಗರದ ಅತಿ ಹೆಚ್ಚು ವಾಹನ ಸಂಚಾರವಿರುವ ರಸ್ತೆಗಳಲ್ಲೊಂದು. ದ್ವಿಚಕ್ರ ವಾಹನಗಳು ಒಳನುಗ್ಗದಂತೆ ಬೆಂಗಳೂರಿನ ಅನೇಕ ಉದ್ಯಾನಗಳ ಬಾಗಿಲಲ್ಲಿ ಹಾಕುವ ಅಡ್ಡಗಂಬ, ತಿರುಗುಗಂಬಿಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ. ಕಲ್ಲುಹಾಸಿನಲ್ಲಿ ಒಂದು ಚಪ್ಪಡಿ ಎದ್ದರೂ ದೃಷ್ಟಿ ಮಂದವಾದವರಿಗೆ ಅಪಾಯ.

ಈ ಬಗ್ಗೆ ನಿಯಮಗಳಿಗೇನೂ ಕೊರತೆಯಿಲ್ಲ. ಗಾಲಿಕುರ್ಚಿಯ ಇಳಿಜಾರು 12ಕ್ಕೆ 1ರ ಪ್ರಮಾಣವನ್ನು ಮೀರಬಾರದು, ಅಂದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿ ದೊರಕುವಂತೆ ಮಾಡುವುದನ್ನು ಸರ್ಕಾರದ ಹೊಣೆಯನ್ನಾಗಿಸಿತು. ಇಂತಹ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅವರಲ್ಲಿ ಕೆರೆಯ ದಡದಲ್ಲಿ ಕಾಣಸಿಗುವವರು ವಿರಳ. ನೀರಂಚಿನ ಹಾದಿಗಿಂತ ಮನೆಯಿಂದ ಅಲ್ಲಿಗೆ ಬರುವ ದಾರಿಯೇ ಹೆಚ್ಚು ಕಷ್ಟದ್ದು.

ಜೀವಿಗಳು ಮತ್ತು ನೀರಿನ ಸ್ಥಿತಿ

ನೀರುಕಾಗೆ, ಬೆಳ್ಳಕ್ಕಿ, ಕೊಳದ ಬಕ, ಮಿಂಚುಳ್ಳಿ, ನಾಮದ ಕೋಳಿ, ಗುಳುಮುಳುಕ ಮೊದಲಾದ ಹಕ್ಕಿಗಳನ್ನು ಇಲ್ಲಿ ನೋಡಬಹುದು. ಹೆಜ್ಜಾರ್ಲೆಗಳೂ ಬರುತ್ತವೆ. ಮೇಲೆ ಗರುಡ ಮತ್ತು ಹದ್ದುಗಳು ಸುತ್ತುತ್ತವೆ. ಕೆರೆಯೊಳಗಿನ ದ್ವೀಪಕ್ಕೆ ಜನಸಂಚಾರವಿಲ್ಲದಿರುವುದರಿಂದ ಹಕ್ಕಿಗಳು ಅಲ್ಲಿನ ಮರಗಳಲ್ಲಿ ತಂಗುತ್ತವೆ. ಹೊಸದಾಗಿ ಹಕ್ಕಿವೀಕ್ಷಣೆ ಕಲಿಯುವ ವಿದ್ಯಾರ್ಥಿಗಳಿಗೆ ಬೆಳಗಿನ ಮೊದಲ ಎರಡು ಗಂಟೆಗಳು ಸೂಕ್ತ. ಕೆರೆಯ ಬಳಿ ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರವಿದೆ.

ಕಲ್ಲುಕಟ್ಟಿದ ದಡವು ನಡೆಯುವವರಿಗೆ ಅನುಕೂಲವಾದರೂ ಹಕ್ಕಿಗಳಿಗೆ ಅಷ್ಟು ಹಿತವಲ್ಲ. ಜೊಂಡು, ಆಪು, ತೆಳುನೀರಿನ ಕೆಸರು ಇರುವ ಅಂಚಿನಲ್ಲಿ ಮಾತ್ರ ಅನೇಕ ನೀರುಹಕ್ಕಿಗಳು ಆಹಾರ ಹುಡುಕುತ್ತವೆ, ಗೂಡು ಕಟ್ಟುತ್ತವೆ. ಕಡಿದಾದ ಗೋಡೆಯಂತಹ ದಡದಲ್ಲಿ ಇವಕ್ಕೆ ಎಡೆಯಿಲ್ಲ. ಕೆರೆಯನ್ನು ಉದ್ಯಾನದಂತೆ ಅಲಂಕರಿಸುವುದೋ, ಕೆರೆಯಾಗಿ ಬಿಡುವುದೋ ಎಂಬ ಚರ್ಚೆ ಬೆಂಗಳೂರಿನ ಎಲ್ಲ ಕೆರೆಗಳ ಅಭಿವೃದ್ಧಿಯ ಸಂದರ್ಭದಲ್ಲಿಯೂ ಏಳುತ್ತದೆ. ಸ್ಯಾಂಕಿ ಕೆರೆಯಲ್ಲಿ ಉದ್ಯಾನದ ಪಕ್ಷವೇ ಗೆದ್ದಿದೆ ಎನ್ನಬೇಕು.

ಗಣೇಶ ಚತುರ್ಥಿಯ ಸಮಯದಲ್ಲಿ ಸುತ್ತಲಿನ ಬಡಾವಣೆಗಳ ವಿಗ್ರಹಗಳನ್ನು ಇಲ್ಲಿ ವಿಸರ್ಜಿಸುವುದು ವಾಡಿಕೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಬಣ್ಣಗಳಲ್ಲಿನ ಲೋಹಾಂಶಗಳು ನೀರನ್ನು ಸೇರುತ್ತವೆ. ಇದನ್ನು ತಡೆಯಲು ಕೆರೆಯ ಮುಖ್ಯ ನೀರಿನಿಂದ ಬೇರ್ಪಡಿಸಿದ ಒಂದು ಕಲ್ಯಾಣಿಯನ್ನು ವಿಸರ್ಜನೆಗೆಂದೇ ಕಟ್ಟಲಾಗಿದೆ. ಈ ಏರ್ಪಾಡು ನಂತರ ನಗರದ ಇತರ ಕೆರೆಗಳಲ್ಲಿಯೂ ಬಳಕೆಗೆ ಬಂದಿತು.

ರಸ್ತೆ ಮತ್ತು ಕೆರೆ: ವಿವಾದಗಳು

ಕೆರೆಯ ಮಗ್ಗುಲಿನ ಸ್ಯಾಂಕಿ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾಪ ಹಲವು ಬಾರಿ ಬಂದಿದೆ. 2011ರಲ್ಲಿ ಇದಕ್ಕಾಗಿ ಮರಗಳನ್ನು ಕಡಿಯಲು ತೊಡಗಿದಾಗ ಮಲ್ಲೇಶ್ವರದ ನಿವಾಸಿಗಳು ಪ್ರತಿಭಟಿಸಿದರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. 2023ರ ಆರಂಭದಲ್ಲಿ ಭಾಷ್ಯಂ ವೃತ್ತ ಮತ್ತು 18ನೇ ಅಡ್ಡರಸ್ತೆಯ ನಡುವೆ ಸುಮಾರು 60 ಕೋಟಿ ರೂಪಾಯಿ ವೆಚ್ಚದ ಮೇಲ್ಸೇತುವೆ ಮತ್ತು ರಸ್ತೆ ವಿಸ್ತರಣೆಯ ಯೋಜನೆ ಮತ್ತೆ ಮುನ್ನೆಲೆಗೆ ಬಂದಿತು. ಶಾಲಾಮಕ್ಕಳಿಂದ ಹಿಡಿದು ಹಿರಿಯ ನಾಗರಿಕರವರೆಗೆ ಅನೇಕರು ವಿರೋಧದಲ್ಲಿ ಪಾಲ್ಗೊಂಡರು. ಫೆಬ್ರವರಿಯಲ್ಲಿ ನಡೆದ ಮೌನ ಮೆರವಣಿಗೆಯ ಸಂಬಂಧ ಪೊಲೀಸರು ಪ್ರಕರಣವನ್ನೂ ದಾಖಲಿಸಿದರು. ತೀವ್ರ ವಿರೋಧದ ಬಳಿಕ ಯೋಜನೆಯನ್ನು ತಡೆಹಿಡಿಯಲಾಯಿತು.

ಯೋಜನೆಯ ಪರವಾಗಿದ್ದವರು ವಾಹನದಟ್ಟಣೆಯನ್ನು ಮುಂದಿಟ್ಟರು. ಆ ದಟ್ಟಣೆ ನಿಜವಾದದ್ದೇ. ಉತ್ತರ ಮತ್ತು ಪಶ್ಚಿಮ ಬಡಾವಣೆಗಳ ನಡುವಿನ ಸಂಚಾರ ಈ ಏರಿಯ ಮೇಲೆಯೇ ಹಾದುಹೋಗುತ್ತದೆ. ವಿರೋಧಿಸಿದವರು ಮೂರು ಕಾರಣಗಳನ್ನು ಕೊಟ್ಟರು. ಮೊದಲನೆಯದು, ರಸ್ತೆಬದಿಯ ಹಳೆಯ ಮರಗಳ ನಾಶ. ಎರಡನೆಯದು, ಕೆರೆಯಂಚಿನ ಮೀಸಲು ವಲಯದ ಉಲ್ಲಂಘನೆ. ಈ ವಲಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರಿಗೆ ಹೆಚ್ಚಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿದ್ದರಿಂದ ನಗರ ಯೋಜನೆಯ ಹಿಂದಿನ 30 ಮೀಟರ್ ಮಿತಿ ಮರಳಿ ಬಂದಿತು. ಮೂರನೆಯದು ಏರಿಯ ಭದ್ರತೆ. ನೂರ ನಲವತ್ತು ವರ್ಷ ಹಳೆಯದಾದ ಕೆರೆಯ ಏರಿ ನೀರಿನ ಒತ್ತಡವನ್ನು ತಡೆಯಲು ಕಟ್ಟಿದ್ದು. ಮೇಲ್ಸೇತುವೆಯ ಭಾರವನ್ನು ಹೊರಲು ಅಲ್ಲ. ಇವುಗಳಷ್ಟು ಚರ್ಚೆಗೆ ಬಾರದ ಇನ್ನೊಂದು ಸಂಗತಿಯೂ ಇದೆ: ರಸ್ತೆ ಅಗಲವಾಗಿ ವಾಹನಗಳ ವೇಗ ಹೆಚ್ಚಿದಷ್ಟೂ ಅದನ್ನು ದಾಟಿ ಕೆರೆಗೆ ಬರಬೇಕಾದ ವೃದ್ಧರಿಗೆ ಮತ್ತು ಅಂಗವಿಕಲರಿಗೆ ದಡ ದೂರವಾಗುತ್ತದೆ.

ಕೆರೆಯ ನಿರ್ವಹಣೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಹೊಣೆಯಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ಸಮೀಪದ ಚಿಲುಮೆ: ನಂದಿತೀರ್ಥ

ಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮಲ್ಲೇಶ್ವರಕ್ಕೆ ಹೆಸರು ತಂದ ಕಾಡು ಮಲ್ಲೇಶ್ವರ ದೇವಾಲಯವಿದೆ. 1669ರ ಶಾಸನವೊಂದು ಶಿವಾಜಿಯ ಸೋದರ ಏಕೋಜಿಯು ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದತ್ತಿ ಬಿಟ್ಟುದನ್ನು ದಾಖಲಿಸುತ್ತದೆ. ದೇವಾಲಯದ ಎದುರಿಗೆ, ಗಂಗಮ್ಮನ ಗುಡಿಯ ಬಳಿ, ದಕ್ಷಿಣಮುಖ ನಂದಿತೀರ್ಥವೆಂಬ ಕಲ್ಯಾಣಿ ಇದೆ. ಬಹುಕಾಲ ಮಣ್ಣಿನಡಿ ಹೂತುಹೋಗಿದ್ದ ಇದು 1990ರ ದಶಕದ ಕೊನೆಯಲ್ಲಿ ಅಗೆತದಿಂದ ಬೆಳಕಿಗೆ ಬಂದಿತು. ನಂದಿಯ ಬಾಯಿಂದ ಹೊರಬರುವ ನೀರು ಕೆಳಗಿನ ಶಿವಲಿಂಗದ ಮೇಲೆ ಬಿದ್ದು ಕಲ್ಯಾಣಿಯನ್ನು ಸೇರುತ್ತದೆ. ಈ ಗುಡಿಯು ಏಳು ಸಾವಿರ ವರ್ಷ ಹಳೆಯದೆಂಬ ಮಾತು ಅಂತರಜಾಲದಲ್ಲಿ ಹರಿದಾಡುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ. ವಿದ್ಯಾರ್ಥಿಗಳು ಅದನ್ನು ತಮ್ಮ ಪ್ರಬಂಧಗಳಲ್ಲಿ ಬಳಸಬಾರದು.

ವೃಷಭಾವತಿ ನದಿಯ ಒಂದು ಕವಲಿನ ಮೂಲ ಕಾಡು ಮಲ್ಲೇಶ್ವರದ ಬಳಿ ಇದೆಯೆಂದು ಹೇಳಲಾಗುತ್ತದೆ. ಅದರ ಹೆಚ್ಚು ಪ್ರಸಿದ್ಧವಾದ ಮೂಲ ಬಸವನಗುಡಿಯ ದೊಡ್ಡಬಸವಣ್ಣನ ಪಾದದಡಿಯದು. ನದಿಗೆ ವೃಷಭದ ಹೆಸರು ಬಂದದ್ದೂ ಅಲ್ಲಿಂದಲೇ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ನಡೆಯುವುದೂ ಅಲ್ಲಿಯೇ. ನಗರದ ಕೊಳಚೆಯನ್ನು ಹೊತ್ತು ಹರಿಯುವ ವೃಷಭಾವತಿ ಮುಂದೆ ಅರ್ಕಾವತಿಯನ್ನು, ಅರ್ಕಾವತಿ ಕಾವೇರಿಯನ್ನು ಸೇರುತ್ತವೆ.

ಕಲ್ಯಾಣಿಯ ರಚನೆಯಲ್ಲಿಯೇ ನೀರಿಗೆ ಇಳಿಯಬೇಕೆಂಬ ಭಾವವಿದೆ, ಮೆಟ್ಟಿಲುಗಳಿಲ್ಲದ ಕಲ್ಯಾಣಿಯಿಲ್ಲ. ಆದ್ದರಿಂದ ಹತ್ತಿಳಿಯಲಾರದವರು ನಂದಿತೀರ್ಥವನ್ನು ಮೇಲಿನಿಂದಲೇ ನೋಡಬೇಕಾಗುತ್ತದೆ. ಅವರಿಗೆ ಮಲ್ಲೇಶ್ವರದಲ್ಲಿ ನೀರನ್ನು ಹತ್ತಿರದಿಂದ ಕಾಣಲು ಉಳಿಯುವುದು ಸ್ಯಾಂಕಿ ಕೆರೆಯ ದಡ.

ತಲುಪುವ ಬಗೆ

ನಗರ ಸಾರಿಗೆಯ ಬಸ್ಸುಗಳಲ್ಲಿ ಬರುವವರು ಮಲ್ಲೇಶ್ವರ 18ನೇ ಅಡ್ಡರಸ್ತೆಯ ನಿಲ್ದಾಣದಲ್ಲಿ ಅಥವಾ ಭಾಷ್ಯಂ ವೃತ್ತದ ಬಳಿ ಇಳಿಯಬಹುದು. ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ ಬರುವವರು ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಆಟೋ ಅಥವಾ ಬಸ್ಸನ್ನು ಹಿಡಿಯಬೇಕು. ಗಾಲಿಕುರ್ಚಿಯವರು ಮತ್ತು ನಿಧಾನವಾಗಿ ನಡೆಯುವವರು ಕೆರೆಯ ಬದಿಯಲ್ಲಿಯೇ ವಾಹನದಿಂದ ಇಳಿದರೆ ಸ್ಯಾಂಕಿ ರಸ್ತೆಯನ್ನು ದಾಟುವ ತೊಂದರೆ ತಪ್ಪುತ್ತದೆ. ನಡಿಗೆ ಹಾದಿ ಬೆಳಗ್ಗೆ ಮತ್ತು ಸಂಜೆ ತೆರೆದಿರುತ್ತದೆ. ಮಳೆ ಬಂದ ಮರುದಿನ ಮರದ ನೆರಳಿನ ಕಲ್ಲುಹಾಸು ಪಾಚಿಯಿಂದ ಜಾರುವ ಸಂಭವವಿರುತ್ತದೆ.